ಕೂತವರ ಅಳತೆಗೆ ಒಂದು ಪಾತಿ

ಸ್ವಂತ ಅಕ್ಕನನ್ನು ತಮ್ಮನೇ ಹೊಗಳಿದರೆ ಜನ ನಗುತ್ತಾರೆ. ನಗಲಿ ಬಿಡಿ, ನನಗೇನು. ಮರ ಕೊಯ್ದು ರಂದ ಹೊಡೆದು ಬದುಕುವ ಬಡಗಿ ನಾನು. ಮುಖ ನೋಡಿ ಮಾತಾಡುವ ಅಭ್ಯಾಸವಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕ ತಪ್ಪಿದಾಗ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದವನೂ ನಾನೇ. ಹಾಗಾಗಿ ಹೊಗಳುವ ಹಕ್ಕೂ ನನಗಿದೆ.

ಅಕ್ಕ ಟೈಲರ್. ಬೀದಿಯವರೆಲ್ಲ ಅವಳನ್ನು ಇಂಚಕ್ಕ ಎನ್ನುತ್ತಾರೆ. ಬೆಳಿಗ್ಗೆ ಮುಖ ತೊಳೆದ ಕೂಡಲೇ ಇಂಚುಟೇಪು ಕೊರಳಿಗೆ ಬಿತ್ತೆಂದರೆ ಇಳಿಯುವುದು ಮಲಗುವಾಗಲೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್, ಗೋಡೆಯುದ್ದಕ್ಕೂ ತಂತಿಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು, ಮೂಲೆಯಲ್ಲಿ ಉದ್ದನೆಯ ಕನ್ನಡಿ, ಕಾಲಿಟ್ಟಲ್ಲೆಲ್ಲ ದಾರ, ಬಟ್ಟೆಚೂರು. ನಾನು ಯಾವಾಗ ಹೋದರೂ ಅಂಗಾಲಿಗೊಂದು ಗುಂಡುಪಿನ್ನು ಚುಚ್ಚಿಸಿಕೊಂಡೇ ಬರುತ್ತೇನೆ.

ಅಲ್ಲಿ ಅವಳದ್ದೇ ಒಂದು ಕಾನೂನು. ಅಳತೆಗೆಂದು ಯಾರಾದರೂ ಹಳೇ ಬಟ್ಟೆ ತಂದು ಕೊಟ್ಟರೆ ಮುಟ್ಟುವುದಿಲ್ಲ. "ಇದು ಹೋದ ವರ್ಷದ ನೀವು. ಈ ವರ್ಷದೋರನ್ನ ಕರ್ಕೊಂಡು ಬನ್ನಿ" ಎಂದು ವಾಪಸ್ ಕಳಿಸುತ್ತಾಳೆ. ಬಂದವರನ್ನು ಕನ್ನಡಿಯ ಮುಂದೆ ನಿಲ್ಲಿಸಿ "ನೆಟ್ಟಗೆ ನಿಂತ್ಕೊಳ್ಳಿ, ಉಸಿರು ಬಿಡಿ, ಹೊಟ್ಟೆ ಒಳಗೆಳ್ಕೊಂಡು ನಂಗೆ ಮೋಸ ಮಾಡ್ಬೇಡಿ" ಎಂದು ಗದರಿಸುತ್ತಾಳೆ. ಪೊಲೀಸಪ್ಪನಂಥ ಪೊಲೀಸಪ್ಪನೇ ಅವಳೆದುರು ತೆಪ್ಪಗೆ ಹೊಟ್ಟೆ ಬಿಟ್ಟು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಷ್ಟೆಲ್ಲ ಆಗಿಯೂ ಹೊಲಿಗೆ ಎಲ್ಲಾದರೂ ತಪ್ಪಿತು ಎನ್ನಿ, ವಾದ ಮಾಡುವುದಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ. ಕೂತು ಬಿಚ್ಚುತ್ತಾಳೆ, ಮತ್ತೆ ಹೊಲಿಯುತ್ತಾಳೆ. ಆ ಗುಣ ನನಗಿಲ್ಲ. ನಾನಾದರೆ ಮೊದಲು ಮರವನ್ನು ಬೈಯುತ್ತೇನೆ.

ಇನ್ನು ಅವಳ ಅತ್ತೆ, ಅಂದರೆ ಭಾವನ ತಾಯಿ. ಬಾಯಿ ಜೋರು, ಕೈ ಇನ್ನೂ ಜೋರು. ಮನೆಯ ಹಿತ್ತಿಲು ಅವರ ರಾಜ್ಯ. ಟೊಮೆಟೊ, ಬೀನ್ಸ್, ಮೂಲಂಗಿ, ಪಾಲಕ್, ಕೊತ್ತಂಬರಿ ಎಲ್ಲ ಅಲ್ಲೇ ಬೆಳೆಯುತ್ತಿತ್ತು. ಆ ಮನೆಯವರು ತರಕಾರಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದದ್ದು ಅಪರೂಪ. ಯಾವುದನ್ನೂ ಹೊಗಳುವ ಜೀವ ಅದಲ್ಲ. "ಪರವಾಗಿಲ್ಲ" ಎಂದರೆ ಅದೇ ದೊಡ್ಡ ಬಹುಮಾನ. ಆದರೆ ಅಕ್ಕ ಹೊಸ ಸೊಸೆಯಾಗಿ ಬಂದು, ಹೊರಗಿನವರಿಗೂ ಹೊಲಿದು ಕೊಡುತ್ತೇನೆ ಎಂದಾಗ, ಬಸ್ ಡ್ರೈವರ್ ಭಾವ ಹೂಂ ಎನ್ನಲಾರದೆ ಊಹೂಂ ಎನ್ನಲಾರದೆ ತಲೆ ಕೆರೆದುಕೊಳ್ಳುತ್ತಿದ್ದರು. ಆಗ ಮುಂದಿನ ಕೋಣೆಯಲ್ಲಿದ್ದ ತಮ್ಮ ಮಂಚವನ್ನು ತಾವೇ ದರದರ ಎಳೆದು ಹೊರಗೆ ಹಾಕಿ, "ಮಿಷನ್ ಇಲ್ಲಿ ಹಾಕ್ಕೋ, ಇಲ್ಲಿ ಬೆಳಕಿದೆ" ಎಂದವರು ಈ ಅತ್ತೆಯೇ. ಅಂದಿನಿಂದ ಅವರು ಮಲಗುವುದು ಒಳಗಿನ ಸಣ್ಣ ಕೋಣೆಯಲ್ಲಿ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಡಾಕ್ಟರ ಮಾತು ಕಡ್ಡಿ ಮುರಿದ ಹಾಗೆ: "ಕೋಲು ಹಿಡ್ಕೊಂಡು ನಾಲ್ಕು ಹೆಜ್ಜೆ ಓಡಾಡಿ. ಬಗ್ಗೋದು, ನೆಲದ ಮೇಲೆ ಕೂರೋದು ಇನ್ನು ಮರೆತುಬಿಡಿ." ಸ್ವಲ್ಪ ಕಾಲ ಅತ್ತೆ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಅಲ್ಲಿಂದಲೇ ಅಪ್ಪಣೆ ಕೊಟ್ಟರು. ಅಕ್ಕ ಮಿಷನ್ ಬಿಟ್ಟು ಓಡಿ ಬಂದು ಅವರು ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು. ಆದರೆ ಕಳೆ ಯಾವುದು ಸಸಿ ಯಾವುದು ಎನ್ನುವುದೇ ಅವಳಿಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಎಳೇ ಮೂಲಂಗಿ ಸಸಿಗಳನ್ನೆಲ್ಲ ಬಹಳ ಶ್ರದ್ಧೆಯಿಂದ ಕಿತ್ತು ಗುಡ್ಡೆ ಹಾಕಿದಳು. ಅತ್ತೆ ಬೈಯಲಿಲ್ಲ. ಎದ್ದು ಒಳಗೆ ಹೋಗಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತುಬಿಟ್ಟರು.

ಅಂದೇ ಮಗನನ್ನು ಕರೆದು "ಹಿತ್ತಿಲಿಗೆ ಸಿಮೆಂಟ್ ಹಾಕಿಸಿಬಿಡು, ನಿನ್ನ ಸ್ಕೂಟರ್ ನಿಲ್ಲಿಸೋಕಾದ್ರೂ ಆಗತ್ತೆ" ಎಂದರು. ಭಾವ ಪಾಪ, ತಾಯಿ ಹಾಕಿದ ಗೆರೆ ದಾಟುವವರಲ್ಲ. ಗಾರೆ ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿ ಪಕ್ಕದ ಬೀದಿಯಲ್ಲಿ ಯಾರದೋ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದ. ಅದು ಮುಗಿದ ಮರುದಿನ ಬರುತ್ತೇನೆ ಎಂದ.

ಅಕ್ಕ ನನ್ನ ಶೆಡ್ಡಿಗೆ ಬಂದದ್ದು ಆಗ. ಬಂದವಳು ಕೂರಲಿಲ್ಲ. "ಅತ್ತೆ ತಟ್ಟೆಗೆ ಹಾಕಿದ್ದನ್ನ ಹಾಗೇ ವಾಪಸ್ ಕಳಿಸ್ತಿದಾರೆ ಕಣೋ. ಮಾತೂ ಇಲ್ಲ, ಬೈಗುಳಾನೂ ಇಲ್ಲ. ಆ ನೆಲಕ್ಕೆ ಸಿಮೆಂಟ್ ಬಿದ್ರೆ ಅವರು ಇನ್ನು ಈ ಕಡೆ ತಿರುಗೋದಿಲ್ಲ, ನಂಗೊತ್ತು. ಅವರಿಗೆ ಮಣ್ಣಿನ ತನಕ ಬಗ್ಗೋಕಾಗಲ್ಲ ಅಲ್ವಾ? ಮಣ್ಣನ್ನೇ ಅವರ ಕೈಮಟ್ಟಕ್ಕೆ ಎತ್ತೋಣ. ಆ ಮೇಸ್ತ್ರಿ ಗೋಡೆ ಏಳೋದ್ರೊಳಗೆ ಆಗ್ಬೇಕು." ನಾನು ಕೈಯಲ್ಲಿದ್ದ ರಂದ ಕೆಳಗಿಟ್ಟೆ.

ಎತ್ತರದ ಪಾತಿ ಕಟ್ಟುವುದೆಂದೇನೋ ಆಯಿತು, ಯಾವುದರಿಂದ? ಭಾನುವಾರ ಮುಂದಿನ ಕೋಣೆಯಲ್ಲಿ ಪಂಚಾಯಿತಿಯೇ ಸೇರಿತು. ಭಾವ ಡಿಪೋದಿಂದ ಸವೆದ ಟಯರ್ ತರುತ್ತೇನೆ, ಒಂದರ ಮೇಲೊಂದು ಪೇರಿಸೋಣ ಎಂದರು. ಗುಜರಿಯವನು ತಗಡಿನ ಡ್ರಮ್ಮನ್ನು ಉದ್ದಕ್ಕೆ ಸೀಳಿ ಕೊಡುತ್ತೇನೆ ಎಂದ. ಸುದ್ದಿ ಕೇಳಿ ಮೇಸ್ತ್ರಿಯೂ ಬಂದಿದ್ದ. ನೆಲವೋ ಪಾತಿಯೋ, ಗಾರೆ ತನ್ನದಾದರೆ ಸಾಕು ಎಂಬ ಲೆಕ್ಕ ಅವನದು. ಇಟ್ಟಿಗೆಯಲ್ಲಿ ಕಟ್ಟಿದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದ. ನಾನು ಮರ ಎಂದೆ. ಬಡಗಿ ಇನ್ನೇನು ಹೇಳುತ್ತಾನೆ ಎಂದು ಎಲ್ಲರೂ ನಕ್ಕರು.

ಅಕ್ಕ ಒಂದೊಂದು ಮಾದರಿಯನ್ನು ಹಿತ್ತಿಲಿಗೆ ತರಿಸಿ, ಬಟ್ಟೆ ಆರಿಸುವ ಹಾಗೆಯೇ ಪರೀಕ್ಷಿಸಿದಳು. ಬಿಸಿಲಲ್ಲಿದ್ದ ತಗಡನ್ನು ಮುಟ್ಟಿ ಕೈ ಕೊಡವಿಕೊಂಡು, "ಬೇರು ಬೆಂದೇ ಹೋಗತ್ತೆ" ಎಂದಳು. ಟಯರಿನೊಳಗೆ ಎರಡೂ ಕೈ ಇಟ್ಟು ನೋಡಿ, ಇಷ್ಟು ಇಕ್ಕಟ್ಟು ತೋಳಿನ ಅಂಗಿಯನ್ನು ಯಾರೂ ಹಾಕುವುದಿಲ್ಲ ಎಂದು ಪಕ್ಕಕ್ಕೆ ಸರಿಸಿದಳು. ಮೇಸ್ತ್ರಿಯನ್ನು ಮಾತ್ರ ಒಂದು ಪ್ರಶ್ನೆ ಕೇಳಿದಳು: "ಅಳತೆ ತಪ್ಪಿದ್ರೆ ಬಿಚ್ಚಬಹುದಾ?"

"ಗೋಡೆನ ಯಾರಾದ್ರೂ ಬಿಚ್ತಾರಾ ಇಂಚಕ್ಕ? ಒಡೀಬೇಕು ಅಷ್ಟೇ" ಎಂದು ಮೇಸ್ತ್ರಿ ನಕ್ಕ.

"ಹಂಗಾದ್ರೆ ಬೇಡ. ಬಿಚ್ಚೋಕೆ ಬರದೇ ಇರೋದನ್ನ ನಾನು ಹೊಲಿಯಲ್ಲ. ಮರಾನೇ ಇರ್ಲಿ" ಎಂದಳು. ನಾನು ಮೀಸೆ ತಿರುವುವಷ್ಟರಲ್ಲಿ, "ಬೀಗ್ಬೇಡ, ನಿನ್ನ ಮರ ನೆನೆದು ಕೊಳೆಯತ್ತೆ. ಅದಕ್ಕೆ ನಾನು ಲೈನಿಂಗ್ ಕೊಡ್ತೀನಿ" ಎಂದು ನನ್ನ ಬಾಯಿ ಮುಚ್ಚಿಸಿದಳು.

ಕೊಟ್ಟಳು ಕೂಡ. ದಪ್ಪ ಟಾರ್ಪಾಲನ್ನು ಪೆಟ್ಟಿಗೆಯ ಒಳಮೈಗೆ ಸರಿಯಾಗಿ ಕತ್ತರಿಸಿ, ಮೂಲೆಗಳಿಗೆ ಜೋಡಿ ಹೊಲಿಗೆ ಹಾಕಿ, ತಳದಲ್ಲಿ ನೀರು ಇಳಿಯಲು ತೂತು ಬಿಟ್ಟಳು. ಬರೀ ತೂತಲ್ಲ ಸ್ವಾಮಿ, ಒಂದೊಂದಕ್ಕೂ ಸುತ್ತ ಕಾಜಾ ಹೊಲಿಗೆ, ಅಂಗಿಯ ಗುಂಡಿಗೆ ಮಾಡುತ್ತಾರಲ್ಲ, ಹಾಗೆ. ಇಲ್ಲದಿದ್ದರೆ ಮಣ್ಣಿನ ಭಾರಕ್ಕೆ ಹರಿದು ಹೋಗುತ್ತದಂತೆ. ಜಾಗ ಹುಡುಕಿದ್ದೂ ಅವಳದೇ ರೀತಿಯಲ್ಲಿ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು ಒಂದಿಡೀ ದಿನ, ಕೆಲಸದ ನಡುನಡುವೆ ಎದ್ದು ಬಂದು, ಗೋಡೆಯ ನೆರಳು ಎಲ್ಲಿಯವರೆಗೆ ಬಂತೋ ಅಲ್ಲಲ್ಲಿ ಕಲ್ಲಿಟ್ಟು ಗೆರೆ ಎಳೆದಳು. ಸಂಜೆಯ ಹೊತ್ತಿಗೆ ಯಾವ ಗೆರೆಯೂ ಮುಟ್ಟದ ಒಂದು ತುಂಡು ನೆಲ ಉಳಿಯಿತು. "ಇಲ್ಲಿ ದಿನವಿಡೀ ಬಿಸಿಲು" ಎಂದು ಅಲ್ಲಿ ಚಪ್ಪಲಿ ಬಿಟ್ಟು ಗುರುತು ಮಾಡಿದಳು.

ಆಮೇಲೆ ಅತ್ತೆಯ ಅಳತೆ. ಒಳಗಿನ ಕೋಣೆಗೆ ಹೋಗಿ, ಕೊರಳಿನಿಂದ ಟೇಪು ತೆಗೆದು, "ನೆಟ್ಟಗೆ ನಿಂತ್ಕೊಳ್ಳಿ ಅತ್ತೆ" ಎಂದಳು. ಅತ್ತೆ ಒಂದು ಗಳಿಗೆ ಅವಳನ್ನೇ ನೋಡಿದರು. ನಂತರ ಕುರ್ಚಿಯ ಕೈ ಒತ್ತಿ ಎದ್ದು, ಕೋಲನ್ನು ಪಕ್ಕಕ್ಕಿಟ್ಟು, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತರು. ನೆಲದಿಂದ ಮೊಣಕೈ, ಹೆಗಲಿನಿಂದ ಬೆರಳ ತುದಿ. ಅಕ್ಕ ಅಳತೆ ಕೂಗಿ ಹೇಳಿದಳು, ನಾನು ಹಲಗೆಯ ಮೇಲೆ ಗೀಚಿಕೊಂಡೆ. ಎಲ್ಲ ಮುಗಿದ ಮೇಲೂ ಅತ್ತೆ ಒಂದಿಷ್ಟು ಹೊತ್ತು ಹಾಗೇ ನಿಂತಿದ್ದರು.

ಪೆಟ್ಟಿಗೆ ಎದ್ದಿತು. ಹಲಗೆಯ ಮೇಲೆ ಹಲಗೆ ಇಟ್ಟು ಸ್ಕ್ರೂ ತಿರುಗಿಸಿದೆ, ಮೊಳೆ ಹೊಡೆಯಲು ಅವಳು ಬಿಡಲಿಲ್ಲ. ತಳಕ್ಕೆ ಒಣಕಡ್ಡಿ, ಅದರ ಮೇಲೆ ತರಗೆಲೆ, ಮೇಲೆ ಗೊಬ್ಬರ ಬೆರೆಸಿದ ಮಣ್ಣು. ಭಾವ ಡ್ಯೂಟಿ ಮುಗಿಸಿ ಬಂದು ಬಕೆಟ್ಟು ಬಕೆಟ್ಟು ಹೊತ್ತರು. ಎಲ್ಲ ತುಂಬಿ, ನೀರು ಚಿಮುಕಿಸಿ, ಅತ್ತೆಯನ್ನು ಕರೆದುಕೊಂಡು ಬಂದೆವು.

ಅತ್ತೆ ಪಾತಿಯ ಮುಂದೆ ನಿಂತು ಎರಡೂ ಕೈಯನ್ನು ಮಣ್ಣಿಗಿಳಿಸಿದರು. ಆ ಮುಖವನ್ನು ನೀವು ನೋಡಬೇಕಿತ್ತು! ಒಂದು ಹೆಂಟೆ ಎತ್ತಿ ಪುಡಿ ಮಾಡಿದರು, ಮೂಸಿದರು, ಇನ್ನೊಂದಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಕಾಲು ಗಡಗಡ ನಡುಗತೊಡಗಿತು. ಅಕ್ಕ ಬೇಗ ಕುರ್ಚಿ ಸರಿಸಿದಳು, ಅತ್ತೆ ಕೂತರು. ಕೂತ ಕೂಡಲೇ ಹಲಗೆಯ ಅಂಚು ಅವರ ಗಲ್ಲಕ್ಕೆ ಬಂತು. ಕೈಯೆತ್ತಿ ಅಂಚನ್ನು ಹಿಡಿದುಕೊಂಡರು, ಆದರೆ ಒಳಗಿನ ಮಣ್ಣಿಗೆ ಕೈ ಎಟುಕಲಿಲ್ಲ. ಕಣ್ಣೆದುರಿಗೆ ಇದ್ದದ್ದು ನಾನು ರಂದ ಹೊಡೆದ ಹಲಗೆ ಮಾತ್ರ.

"ಚೆನ್ನಾಗಿದೆ ಕಣಮ್ಮ" ಎಂದರು ಅತ್ತೆ. "ತುಂಬಾ ಚೆನ್ನಾಗಿ ಮಾಡಿದೀರ."

ಆ ಹೆಂಗಸು ಹೊಗಳಿದರೆಂದರೆ ಎಲ್ಲ ಮುಗಿಯಿತು ಎಂದೇ ಅರ್ಥ. ಕೋಲೂರಿಕೊಂಡು ಒಳಗೆ ಹೋಗುತ್ತ ಮಗನನ್ನು ಕೇಳಿದರು, "ಮೇಸ್ತ್ರಿ ಯಾವಾಗ ಬರ್ತಾನಂತೆ?" ಭಾವ, ಪಕ್ಕದ ಬೀದಿಯ ಗೋಡೆಗೆ ಇನ್ನು ಮೇಲಿನ ಇಟ್ಟಿಗೆ ವರಸೆ ಮಾತ್ರ ಬಾಕಿ ಎಂದರು.

ನನಗೆ ತಲೆ ಕೆಟ್ಟುಹೋಯಿತು. "ಊರಿನವರನ್ನೆಲ್ಲ ಅಳೀತೀಯ, ಮನೆಯವರ ಕಾಲು ಕಾಣ್ಲಿಲ್ವಾ ನಿಂಗೆ? ನಿಂತ ಅಳತೆ ಯಾಕೆ ತಗೊಂಡೆ? ನಿಂತು ತೋಟ ಮಾಡೋಕೆ ಅವರೇನು ನೀನಾ?" ಎಂದು ಕೂಗಿದೆ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅಕ್ಕ ಪಾತಿಗೆ ಒರಗಿ ನಿಂತಿದ್ದಳು. "ಯಾರನ್ನೂ ಕೂರಿಸಿ ಅಳತೆ ತಗೊಂಡಿಲ್ಲ ಕಣೋ ನಾನು, ಇವತ್ತಿನ ತನಕ" ಎಂದಳು, ಅಷ್ಟೇ. ಎಷ್ಟು ಮೆಲ್ಲಗೆ ಎಂದಳೆಂದರೆ ನನ್ನ ಕೂಗು ನನಗೇ ಬೇಸರವಾಯಿತು. ಭಾವ "ಇರಲಿ ಬಿಡಿ, ನಮ್ಮ ಪ್ರಯತ್ನ ನಾವು ಮಾಡಿದ್ವಿ" ಎಂದು ಬೆವರು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ನನ್ನ ಉಪಕರಣ ತೆಗೆದುಕೊಂಡು ಬರೋಣವೆಂದು ಹೋದರೆ, ಅಂಗಡಿ ಬಾಗಿಲು ಹಾಕಿದೆ. ಹಿತ್ತಿಲಲ್ಲಿ ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಪಾತಿಯ ಮಣ್ಣನ್ನು ಬಕೆಟ್ಟಿಗೆ ತೋಡುತ್ತಿದ್ದಾಳೆ. ಅಷ್ಟು ಮಣ್ಣನ್ನೂ!

"ಏನೇ ಇದು?" ಎಂದೆ.

"ಬಿಚ್ತಾ ಇದೀನಿ" ಎಂದಳು. "ಸುಮ್ನೆ ನೋಡ್ತಾ ನಿಲ್ಬೇಡ, ಮೇಲಿನ ಹಲಗೆ ಸ್ಕ್ರೂ ತೆಗಿ." ಕೈ ತೊಳೆಯದೆ, ಟೇಪು ಹಿಡಿದುಕೊಂಡೇ ಒಳಗೆ ಹೋದಳು. ಏನಾಗುತ್ತದೋ ಎಂದು ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಅತ್ತೆ, ಅಳತೆ ತಪ್ಪಾಗಿದೆ. ಇನ್ನೊಂದ್ಸಲ ಕೊಡಿ. ಏಳಬೇಡಿ, ಕೂತ್ಕೊಂಡೇ ಕೊಡಿ."

ಅತ್ತೆ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಬೇಡ. ಮೇಸ್ತ್ರಿ ಬರ್ತಾನೆ, ಅವನ ಕೆಲಸ ಅವನು ಮಾಡ್ಲಿ."

"ಯಾಕೆ ಬೇಡ?"

"ಆವತ್ತು ನಿಂತೆನಲ್ಲ, ಹೆಂಗೆ ನಿಂತೆ ಗೊತ್ತಾ ನಿಂಗೆ? ಹಲ್ಲು ಕಚ್ಕೊಂಡು ನಿಂತೆ. ಸೊಸೆ ನಿಂತ್ಕೊಳ್ಳಿ ಅಂದ್ಳು, ಇನ್ನೂ ನಿಲ್ತೀನಿ ಅಂತ ಇವಳಿಗಾದ್ರೂ ನಂಬಿಕೆ ಇದೆಯಲ್ಲ ಅಂತ ನಿಂತೆ. ಈಗ ಕೂತು ಅಳತೆ ಕೊಟ್ರೆ, ನಾನಿನ್ನು ಎದ್ದು ನಿಲ್ಲೋಳಲ್ಲ ಅಂತ ನಾನೇ ಒಪ್ಕೊಂಡ ಹಾಗೆ."

ಅಕ್ಕ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. "ನಿಮಗೆ ನಿಲ್ಲೋಕಾಗಲ್ಲ ಅಂತ ನಂಗೆ ಗೊತ್ತಿತ್ತು ಅತ್ತೆ. ದಿನಾ ಬಚ್ಚಲಿಗೆ ಕೈ ಹಿಡ್ಕೊಂಡು ಹೋಗೋಳು ನಾನೇ ಅಲ್ವಾ? ಆದ್ರೂ ನನ್ನ ಕಣ್ಣಿಗೆ ನೀವು ಇವತ್ತಿಗೂ ಆ ಮಂಚ ಎಳೆದು ಹೊರಗೆ ಹಾಕಿದ ಅತ್ತೆನೇ. ಹಳೇ ಬಟ್ಟೆ ಅಳತೆ ತರಬೇಡಿ ಅಂತ ಊರಿಗೆಲ್ಲ ಹೇಳ್ತೀನಿ, ನಿಮಗೆ ಮಾತ್ರ ಹಳೇ ಅಳತೇನೇ ತಗೊಂಡೆ. ಆ ಅತ್ತೆಗೆ ಪಾತಿ ಕಟ್ಟಿ, ಈ ಅತ್ತೆನ ಗೋಡೆ ನೋಡ್ಕೊಂಡು ಕೂರಿಸಿದ್ರೆ ನಾನೆಂಥಾ ಟೈಲರ್ ಹೇಳಿ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಮಣ್ಣು ಮೆತ್ತಿತು.

ಅತ್ತೆ ಪಾದ ನೆಲಕ್ಕೊತ್ತಿ, ಕುರ್ಚಿಯನ್ನು ಕಿರ್ರ್ ಎನಿಸಿ ಸ್ವಲ್ಪ ಸ್ವಲ್ಪವೇ ಇತ್ತ ತಿರುಗಿಸಿಕೊಂಡರು. ಮೊಣಕೈ ಮಡಚಿ ಮುಂದೆ ಚಾಚಿದರು.

"ತಗೋ" ಎಂದರು.

ಅಕ್ಕ ಅಂದು ತೆಗೆದಂಥ ಅಳತೆಯನ್ನು ಯಾವ ಅಂಗಿಗೂ ತೆಗೆದದ್ದನ್ನು ನಾನು ನೋಡಿಲ್ಲ. ಕೂತಾಗ ಮೊಣಕೈ ಎಲ್ಲಿ ಬರುತ್ತದೆ, ಮಂಡಿ ಎಲ್ಲಿಯವರೆಗೆ ಚಾಚುತ್ತದೆ, ಎಡಗೈ ಎಷ್ಟು ದೂರ ಹೋಗುತ್ತದೆ, ಬಲಗೈ ಎಷ್ಟು. ನೋವಿರುವ ಕಡೆಗೆ ಕೈ ಚಾಚಿದರೆ ಎಲ್ಲಿ ಮುಖ ಹಿಂಡುತ್ತಾರೆ, ಅಲ್ಲಿಗೆ ನಿಲ್ಲಿಸಿದಳು. ಆಮೇಲೆ ಕುರ್ಚಿಯನ್ನೂ ಅಳೆದಳು. ಹಲಗೆ ತೆಗೆದು ತಗ್ಗಿಸಿದರೆ ಸಾಕು ಎಂದು ನಾನು ಲೆಕ್ಕ ಹಾಕಿದ್ದೆ. ಅಷ್ಟೇ ಸಾಲದು ಎಂದಳು. ಎದುರಿಗೆ ಕೂತರೆ ಮಂಡಿ ಹಲಗೆಗೆ ತಾಗುತ್ತದೆ, ಪಕ್ಕಕ್ಕೆ ಕೂತರೆ ಸೊಂಟ ತಿರುಚಬೇಕು. ಅತ್ತೆ ಪಾತಿಯ ಮುಂದೆ ಕೂರಬಾರದು, ಪಾತಿಯ ಒಳಗೆ ಕೂರಬೇಕು ಎಂದಳು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದಳು: ಮುಂಭಾಗದ ನಡುವೆ ಕುರ್ಚಿ ಹಿಡಿಸುವಷ್ಟು ಕತ್ತರಿಸಿ ಒಳಕ್ಕೆ ತಳ್ಳಿದರೆ, ಎಡಕ್ಕೆ ಮಣ್ಣು, ಬಲಕ್ಕೆ ಮಣ್ಣು, ಎದುರಿಗೂ ಮಣ್ಣು.

"ದುಂಡಗೆ ಕತ್ತರಿಸು, ಅಂಗಿಗೆ ಕುತ್ತಿಗೆ ಕತ್ತರಿಸ್ತೀವಲ್ಲ, ಹಂಗೆ" ಎಂದಳು.

"ಹಲಗೆ ಏನು ನಿನ್ನ ತೆಳು ಮಲ್ ಬಟ್ಟೆಯಾ, ದುಂಡಗೆ ಬಾಗೋಕೆ?" ಎಂದೆ.

"ಹಂಗಾದ್ರೆ ಸ್ಕ್ವೇರ್ ನೆಕ್ ಮಾಡು ಮಾರಾಯ, ಅದಕ್ಯಾಕೆ ಕೂಗಾಡ್ತೀಯ?"

ಬೈದುಕೊಳ್ಳುತ್ತಲೇ ಮಾಡಿದೆ. ಅವಳು ಲೈನಿಂಗನ್ನು ಪೂರ್ತಿ ಬಿಚ್ಚಿ ಹೊಸ ಆಕಾರಕ್ಕೆ ಮತ್ತೆ ಹೊಲಿದಳು. ಅಂಗಡಿ ಬಾಗಿಲಲ್ಲಿ ಬಂದು ಕೂಗಿದವರಿಗೆಲ್ಲ ಕಿಟಕಿಯಿಂದಲೇ "ನಾಳೆ ಬನ್ನಿ" ಎಂದಳು. ಇಟ್ಟಿಗೆಯಾಗಿದ್ದರೆ ಅವತ್ತು ಏನು ಮಾಡುತ್ತಿದ್ದೆವು ಎಂದು ಯೋಚಿಸಿ ನಾನು ಮನಸ್ಸಿನಲ್ಲೇ ಅವಳಿಗೆ ಕೈ ಮುಗಿದೆ. ಬಾಯಲ್ಲಿ ಹೇಳಲಿಲ್ಲ, ಹೇಳಿದ್ದರೆ ತಲೆ ಮೇಲೆ ಕೂರುತ್ತಿದ್ದಳು.

ಕೊನೆಯ ಬಕೆಟ್ಟು ಮಣ್ಣು ಸುರಿಯುವ ಹೊತ್ತಿಗೆ ಮೇಸ್ತ್ರಿ ಕೈಗಾಡಿಯಲ್ಲಿ ಸಿಮೆಂಟ್ ಚೀಲ ಹೇರಿಕೊಂಡು ಬಂದೇಬಿಟ್ಟ. ಭಾವ ಅವನನ್ನು ಬಾಗಿಲಲ್ಲೇ ತಡೆದು, ಸ್ವಲ್ಪ ಇರು ಎಂದರು. ಅತ್ತೆ ಬಂದರು. ಅಕ್ಕ ಕುರ್ಚಿಯನ್ನು ಆ ಕತ್ತರಿಸಿದ ಜಾಗದೊಳಗೆ ಇಟ್ಟಳು, ಅವರು ಮೆಲ್ಲಗೆ ಕೂತರು. ಅತ್ತೆಯ ಕೈಗಳು ಏಳಲಿಲ್ಲ, ಇಳಿಯಲಿಲ್ಲ, ಮಡಿಲಿನಿಂದ ನೇರವಾಗಿ ಮಣ್ಣಿಗೆ ಹೋದವು. ಹೆಂಟೆ ಒಡೆದರು. ಕಡ್ಡಿ ಆರಿಸಿ ಎಸೆದರು. ಎಡಕ್ಕೆ ಚಾಚಿದರು, ಬಲಕ್ಕೆ ಚಾಚಿದರು, ಎಲ್ಲ ಕಡೆಯೂ ಎಟುಕಿತು. ಚೆನ್ನಾಗಿದೆ ಎನ್ನಲಿಲ್ಲ. ಬಾಗಿಲ ಕಡೆ ತಿರುಗಿ ನೋಡಿ, "ಏಯ್ ಮೇಸ್ತ್ರಿ, ಬಾ ಇಲ್ಲಿ" ಎಂದರು.

ಮೇಸ್ತ್ರಿ ಹೆದರಿಕೊಂಡೇ ಬಂದ.

"ಬಾಗಿಲಿಂದ ಇಲ್ಲೀತನಕ ಒಂದು ದಾರಿ ಹಾಕು. ನಾನು ಕೋಲೂರ್ಕೊಂಡು ಎಡವದೆ ಬರೋಷ್ಟು ಅಗಲ ಸಾಕು. ಉಳಿದ ಮಣ್ಣಿನ ಮೇಲೆ ಚಿಟಿಕೆ ಸಿಮೆಂಟ್ ಬಿದ್ರೂ ನಿನ್ನ ಗ್ರಹಚಾರ ಬಿಡಿಸ್ತೀನಿ."

"ಅಮ್ಮಾ, ಪೂರ್ತಿ ಹಾಕಿಸು ಅಂತ ನೀನೇ ಅಲ್ವಾ ಹೇಳಿದ್ದು?" ಎಂದರು ಭಾವ.

"ಹೇಳಿದ್ದೆ ಕಣೋ. ಕೈಗೆ ಸಿಗದೇ ಇರೋ ಮಣ್ಣನ್ನ ದಿನಾ ನೋಡೋಕೆ ನನ್ನಿಂದ ಆಗ್ತಿರಲಿಲ್ಲ. ಈಗ ಸಿಕ್ತಲ್ಲ." ಅತ್ತೆ ಮತ್ತೆ ಹೆಂಟೆಗೆ ಕೈ ಹಾಕಿದರು. ಅಕ್ಕನೂ ಪಕ್ಕದಲ್ಲಿ ಬಗ್ಗಿ ಒಂದು ಹೆಂಟೆ ಎತ್ತಿಕೊಂಡಳು. ಅತ್ತೆ ಅದನ್ನು ಅವಳ ಕೈಯಿಂದ ಕಿತ್ತುಕೊಂಡರು. "ನೀನ್ಯಾಕೆ ಇನ್ನೂ ಇಲ್ಲೇ ನಿಂತಿದೀಯ? ಅಂಗಡಿಗೆ ಬಂದೋರು ಬಾಗಿಲು ಬಡಿದು ಬಡಿದು ಹೋಗ್ತಿದಾರೆ. ಹೋಗು, ನಿನ್ನ ಕೆಲಸ ನೋಡ್ಕೋ ಹೋಗು. ಇದು ನನ್ನ ಕೆಲಸ."

ಅಕ್ಕ ಒಳಗೆ ಹೋದಳು. ನಾನು ನೀರು ಕುಡಿಯುವ ನೆಪ ಮಾಡಿಕೊಂಡು ಹಿಂದೆ ಹೋದರೆ, ಮುಂದಿನ ಕೋಣೆಯಲ್ಲಿ ಯಾರದೋ ಅರ್ಧ ಹೊಲಿದ ಅಂಗಿಗೆ ಮುಖ ಒತ್ತಿಕೊಂಡು, ಹೆಗಲು ಕುಲುಕುವಂತೆ ಅಳುತ್ತಿದ್ದಾಳೆ. ನನಗೆ ಗಾಬರಿಯಾಯಿತು. "ಯಾಕೆ? ಬೈದ್ರು ಅಂತಾನಾ?" ಎಂದೆ.

"ಹೂಂ ಕಣೋ, ಬೈದ್ರು" ಎಂದು ಅವಳು ಮುಖವೆತ್ತಿದಳು. ಅಳುತ್ತಲೇ ನಗುತ್ತಿದ್ದಳು. "ಕೇಳಿಸ್ಕೊಂಡ್ಯಾ ನೀನು? 'ಇದು ನನ್ನ ಕೆಲಸ' ಅಂದ್ರು."